ಹವಳಕ್ಕೊಂದು ಕಡೆಯ ಜಳಕ

ಎಪ್ಪತ್ತನಾಲ್ಕನೆಯ ಇಸವಿಯನ್ನು ಮುಂಬಯಿಯ ಜನ ರೈಲ್ವೆ ಮುಷ್ಕರದಿಂದ ನೆನೆಯುತ್ತಾರೆ. ಇದು ತಪ್ಪು. ಆ ವರ್ಷದ ನಿಜವಾದ ಸಂಕಟವೆಂದರೆ ಧಾರಾವಿಯ ಒಂದು ಚಾಳಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಹವಳವೊಂದು ಮುದುಡಿ ಕೂತದ್ದು.

ಹವಳ ನಾಡಕರ್ಣಿ ಸಾಹೇಬರದು. ಅವರು ವಿಕ್ರೋಳಿಯ ಕಾರಖಾನೆಯೊಂದರ ಮ್ಯಾನೇಜರು. ಈ ಚಾಳಿನ ಗುರಲಿಂಗಪ್ಪ ಅಲ್ಲಿಯ ಗುಮಾಸ್ತ. ಬಂಗಲೆಗೆ ಬಣ್ಣ ಹೊಡೆಸುವಾಗ ಅದರ ವಾಸನೆ ತಾಗಬಾರದೆಂದು ಸಾಹೇಬರು ಸಮುದ್ರದ ನೀರಿನ ಗಾಜಿನ ಪೆಟ್ಟಿಗೆಯನ್ನು, ಒಳಗಿನ ಹವಳ ಸಮೇತ, ಅವನ ಖೋಲಿಗೆ ಕಳಿಸಿದ್ದರು. "ಇದನ್ನು ಜೀವಂತ ಒಪ್ಪಿಸಿ, ಕಂಪನಿ ಕ್ವಾರ್ಟರ್ಸಿನ ಕೀಲಿ ತಗೊಳ್ಳಿ" ಎಂದಿದ್ದರು. ಒಂದೇ ಖೋಲಿಯಲ್ಲಿ ಹೆಂಡತಿ, ಮಕ್ಕಳು, ಅತ್ತೆ ಮತ್ತು ಅತ್ತೆಯ ಹೊಲಿಗೆ ಯಂತ್ರದ ಜೊತೆ ಬದುಕುತ್ತಿದ್ದವನಿಗೆ ಆ ಕೀಲಿ ಕನಸಿನಲ್ಲೂ ಕಿಣಿಕಿಣಿ ಎನ್ನುತ್ತಿತ್ತು. ಸಾಹೇಬರು ಬರುವುದು ಇವತ್ತು ಸಂಜೆ.

ಹವಳವೆಂದರೆ ಉಂಗುರದ ಕಲ್ಲು ಎಂದಷ್ಟೇ ಗೊತ್ತಿದ್ದ ಚಾಳಿಗೆ ಇದು ಹೊಸ ಪ್ರಾಣಿ. ಅಣಬೆಯಂಥ ದಪ್ಪ ಮೈ, ತಲೆ ತುಂಬ ಎಳೆ ಬೆರಳು. ನಿನ್ನೆಯವರೆಗೆ ಆ ಬೆರಳುಗಳನ್ನು ಆಡಿಸುತ್ತ ಬಂದವರನ್ನೆಲ್ಲ ಕರೆಯುತ್ತಿತ್ತು. ಇಂದು ಬೆರಳೆಲ್ಲ ಒಳಗೆ. ಬೋಳುತಲೆಯ ಮೇಲೆ ಮೇಣದಂಥ ಪೊರೆ. ಟಿಕೆಟ್ ಕೇಳುವವನನ್ನು ಕಂಡು ನಿದ್ದೆ ನಟಿಸುವ ಲೋಕಲ್ ಪ್ರಯಾಣಿಕನ ಹಾಗಿತ್ತು.

"ರೀ, ಇದು ಯಾಕೋ ಮಾರಿ ಸಪ್ಪಗ ಮಾಡೇತಿ" ಎಂದಳು ಹೆಂಡತಿ ದಾನವ್ವ.

ಆ ಮಾತು ಗೋಡೆ ದಾಟಿ ಪಕ್ಕದ ಖೋಲಿಯ ಬಸಲಿಂಗವ್ವನಿಗೆ ಮುಟ್ಟಲು ಹೊತ್ತಾಗಲಿಲ್ಲ. ಮುದುಕಿ ಬಂದವಳೇ, "ದೃಷ್ಟಿ ಆಗೇತಿ ತಮ್ಮಾ. ಮೆಣಸಿನಕಾಯಿ ನೀವಾಳಿಸಿ ಸುಡೂಣು. ಘಾಟ ಬರಲಿಲ್ಲಂದ್ರ ದೃಷ್ಟಿನ ಅನ್ನು" ಎಂದಳು.

ಸುಟ್ಟರು. ಚಾಳಿನ ಮೂರೂ ಮಜಲು ಕೆಮ್ಮಿತು. ಗುಜರಾತಿ ದರ್ಜಿಯೊಬ್ಬ ಬೆಂಕಿ ಬಿದ್ದಿದೆಯೆಂದು ಹೊಲಿಗೆಗೆ ಬಂದಿದ್ದ ಪ್ಯಾಂಟು ಹೊತ್ತುಕೊಂಡು ಬೀದಿಗೆ ಓಡಿದ.

"ಘಾಟ ಬಂತು. ಅಂದ್ರ ದೃಷ್ಟಿ ಅಲ್ಲ" ಎಂದಳು ಬಸಲಿಂಗವ್ವ ಕಣ್ಣೊರೆಸಿಕೊಳ್ಳುತ್ತ. "ಅಂದ್ರ ಜೀವ ಹೋಗೇತಿ."

ಗುರಲಿಂಗಪ್ಪನ ಕಾರಖಾನೆಯಲ್ಲೇ ಪ್ಯಾಕಿಂಗ್ ಕೆಲಸಕ್ಕಿದ್ದ, ಎದುರು ಖೋಲಿಯ ಶೆಟ್ಟೆಪ್ಪ ಗಾಜಿಗೆ ಮೂಗು ಒತ್ತಿ ನೋಡಿದ. ಸತ್ತವರನ್ನು ಕೂತ ಭಂಗಿಯಲ್ಲೇ ಮಣ್ಣು ಮಾಡುವ ಪದ್ಧತಿಯ ಮನೆತನ ಅವನದು, ಗುರಲಿಂಗಪ್ಪನದೂ ಅದೇ.

"ಕೂತಲ್ಲೇ ಹೋಗೇತಿ ನೋಡು" ಎಂದ ಗೌರವದಿಂದ. "ನಮ್ಮ ಪೈಕಿನ ಇರಬೇಕು."

"ಸಮುದ್ರದಾಗಿಂದೋ ಮಾರಾಯಾ ಅದು."

"ಎಲ್ಲಿಂದರ ಇರಲಿ. ಪದ್ಧತಿ ಗೊತ್ತಿದ್ದದ್ದು. ಜಳಕ ಮಾಡಸಲಾರದ ಮಣ್ಣು ಮಾಡಿದ್ರ ಮನಿಗೆ ಒಳ್ಳೇದಲ್ಲ."

ಮಧ್ಯಾಹ್ನದ ಹೊತ್ತಿಗೆ ಗಾಜಿಗೆ ವಿಭೂತಿಯ ಮೂರು ಗೆರೆ ಬಿದ್ದವು. ಮೇಲಿನ ಮಜಲಿನಿಂದ ಭಜನೆಯ ತಾಳ ಇಳಿದು ಬಂತು. ಮಾತಾಡಿಸಲು ಬಂದವರು ಗುರಲಿಂಗಪ್ಪನ ಹೆಗಲು ಹಿಡಿದು, ವಯಸ್ಸೆಷ್ಟಾಗಿತ್ತು, ಏನು ಜಡ್ಡಾಗಿತ್ತು, ನಿನ್ನೆ ಸರಿಯಾಗಿ ಉಂಡಿತ್ತೋ ಎಂದು ಕೇಳಿದರು. ಕ್ವಾರ್ಟರ್ಸು ಹೋಯಿತೆಂದು ಅವನು ಬಿಕ್ಕುತ್ತಿದ್ದ. ಎಷ್ಟು ಹಚ್ಚಿಕೊಂಡಿದ್ದನಲ್ಲ ಎಂದು ಹೆಂಗಸರೂ ಅತ್ತರು.

ಜಳಕಕ್ಕೆ ನೀರಿರಲಿಲ್ಲ. ಚಾಳಿನ ನಳ ಬೆಳಿಗ್ಗೆಯೇ ಬಂದು ಹೋಗಿತ್ತು. ಕುಡಿಯುವ ನೀರನ್ನು ಹವಳಕ್ಕೆ ಕೊಡಲು ಯಾರ ದುಃಖವೂ ಅಷ್ಟು ದೊಡ್ಡದಿರಲಿಲ್ಲ. ಶೆಟ್ಟೆಪ್ಪ ಪೆಟ್ಟಿಗೆಯ ನೀರನ್ನೇ ತಂಬಿಗೆಯಲ್ಲಿ ಮೊಗೆಮೊಗೆದು ಹವಳದ ತಲೆಯ ಮೇಲೆ ಹುಯ್ದ. ತಾಳ ಏರಿತು, ತಂಬಿಗೆಯೂ ಏರಿತು. ಮೇಣದಂಥ ಪೊರೆ ಪದರಾಗಿ ಕಳಚಿ ತೇಲಿತು.

"ಮೈ ಕರಗಾಕ ಹತ್ತೇತಿ. ಲಗೂ ಒಯ್ಯೂಣು" ಎಂದಳು ಬಸಲಿಂಗವ್ವ.

ಅಷ್ಟರಲ್ಲಿ ಬಾಗಿಲಲ್ಲಿ ನಾಡಕರ್ಣಿ ಸಾಹೇಬರು. ಗುರಲಿಂಗಪ್ಪ ಅವರ ಬೂಟಿನ ಮೇಲೆ ಬಿದ್ದ.

"ತಪ್ಪಾತ್ರೀ ಸಾಹೇಬ್ರ. ಹೋಗಿಬಿಡ್ತು."

"ಯಾರು ಹೋದದ್ದು ಮಾರಾಯ?" ಸಾಹೇಬರು ಜನರನ್ನು ಸರಿಸಿ ಬಗ್ಗಿದರು. "ಇದು ಆಗಾಗ ಹೀಗೇ. ಮುದುಡಿ ಕೂತು, ಹಳೆ ಪೊರೆ ಬಿಟ್ಟು, ಮತ್ತೆ ಅರಳ್ತದೆ. ಅದರ ಸ್ವಭಾವವೇ ಹಾಗೆ."

ಹೇಳುತ್ತಿದ್ದಂತೆಯೇ ಒಂದು ಬೆರಳು ಹೊರಬಂತು. ಆಮೇಲೆ ಇನ್ನೊಂದು. ಭಜನೆಯವರು ತಾಳ ಮರೆತರು. ನೋಡನೋಡುತ್ತ ಹವಳ ಸೇವಂತಿಗೆಯಂತೆ ತುಂಬಿ ಅರಳಿ, ಸಾವಿಗೆ ಬಂದವರನ್ನೆಲ್ಲ ಕೈಬೀಸಿ ಕರೆಯಿತು.

"ನನ್ನ ಬಂಗಲೆಯಲ್ಲಿ ಇದು ಮತ್ತೆ ಅರಳಲು ಒಂದು ವಾರ ಬೇಕಿತ್ತು" ಎಂದರು ಸಾಹೇಬರು ಗದ್ಗದರಾಗಿ. "ಇಷ್ಟು ಚಂದ ಎಂದೂ ಅರಳಿದ್ದಿಲ್ಲ."

ಗುರಲಿಂಗಪ್ಪ ಎದ್ದು ಕೀಲಿಗೆ ಕೈ ಚಾಚಿದ. ಸಾಹೇಬರು ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿದರು.

"ಈ ಜಾಗ ಇದಕ್ಕೆ ಒಗ್ಗಿದೆ. ಒಗ್ಗಿದಲ್ಲಿಂದ ಎತ್ತಿದರೆ ಮತ್ತೆ ಮುದುಡಿಕೊಂಡೀತು. ಇಲ್ಲೇ ಇರಲಿ."

"ಆದ್ರ ಸಾಹೇಬ್ರ, ನಾ ಕ್ವಾರ್ಟರ್ಸಿಗೆ ಹೋಗಾಂವ..."

"ನೀವು ಹೋದರೆ ಇದನ್ನು ನೋಡುವವರು ಯಾರು?" ಎಂದ ಸಾಹೇಬರು ಕಿಸೆಯಿಂದ ಕೀಲಿ ತೆಗೆದು ಸುತ್ತ ನೋಡಿದರು. "ಕ್ವಾರ್ಟರ್ಸಿಗೆ ನಿಮ್ಮ ನಂತರ ಪಾಳಿ ಯಾರದು?"

ಶೆಟ್ಟೆಪ್ಪ ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಮುಂದೆ ಬಂದ.

ಮರುವಾರ ಶೆಟ್ಟೆಪ್ಪನ ಸಾಮಾನು ವಿಕ್ರೋಳಿಯ ಕ್ವಾರ್ಟರ್ಸಿಗೆ ಹೋಯಿತು. ಹವಳ ಗುರಲಿಂಗಪ್ಪನ ಖೋಲಿಯಲ್ಲಿ ಉಳಿಯಿತು.