ಶುಚಿ ಸಾಹೇಬರ ಮಂಡಿ

ಬೆಳಿಗ್ಗೆ ಹಾಸಿಗೆಯಲ್ಲೇ ಫೋನು ತೆರೆದದ್ದು ಶುಚಿ ಸಾಹೇಬರು ಮಾಡಿದ ತಪ್ಪು. ವಾರದಿಂದ ಅವರ ಬಲಮಂಡಿ ಕುಂಬಳಕಾಯಿಯಂತೆ ಊದಿತ್ತು. ಡಾಕ್ಟರಮ್ಮ ರಕ್ತಪರೀಕ್ಷೆಗೆ ಬರೆದುಕೊಟ್ಟು, "ರಿಪೋರ್ಟು ಬಂದ್ಮೇಲೆ ಸಂಜೆ ಬನ್ನಿ, ಏನಂತ ಹೇಳ್ತೀನಿ" ಎಂದಿದ್ದರು. ರಿಪೋರ್ಟು ಬಂದಿತ್ತು. ಇಎಸ್‌ಆರ್ ಎದುರು ಒಂದು ಕೆಂಪು ಬಾಣ, ಸಿಆರ್‌ಪಿ ಎದುರು ಇನ್ನೊಂದು. ಎರಡೂ ಆಕಾಶ ನೋಡುತ್ತಿದ್ದವು. ಸಂಜೆಗೆ ಇನ್ನೂ ಇಡೀ ದಿನ ಬಾಕಿಯಿತ್ತು.

ಸಾಹೇಬರು ನೂಲಿನ ಕಾರ್ಖಾನೆಯ ಕ್ಯಾಂಟೀನ್ ಮೇಲ್ವಿಚಾರಕರು. ತೊಳೆದ ಚಮಚವನ್ನು ಮತ್ತೆ ಮತ್ತೆ ಒರೆಸುವವರಿಗೆ 'ಶುಚಿ' ಎಂಬ ಹೆಸರಲ್ಲದೆ ಇನ್ನೇನು ಬರಬೇಕು? ಗೇಟಿನಾಚೆ ನಿಲ್ಲುವ ಕರಿದ ತಿಂಡಿಯ ಗಾಡಿಯ ಮೇಲೆ ಅವರು ಯುದ್ಧವನ್ನೇ ಸಾರಿದ್ದರು. "ಹೊರಗಿನ ತಿಂಡಿ ರೋಗಕ್ಕೆ ದಾರಿ. ತಿಂದು ಸಿಕ್ಕಿಬಿದ್ದವರಿಗೆ ಕ್ಷಮೆಯಿಲ್ಲ" ಎಂಬ ಫಲಕ ಅವರದೇ ಸಾಹಿತ್ಯ. ಅದನ್ನು ಮೆಚ್ಚಿ ಮ್ಯಾನೇಜರು ಅವರನ್ನು ಇಡೀ ಕಾರ್ಖಾನೆಯ ಆರೋಗ್ಯಾಧಿಕಾರಿ ಮಾಡುವವರಿದ್ದರು. ಆ ಹುದ್ದೆಗೆ ಸ್ವಂತ ಕೋಣೆ, ಕೋಣೆಗೆ ಸ್ವಂತ ಫ್ಯಾನು.

ಕೆಲಸಕ್ಕೆ ಬಂದ ತಕ್ಷಣ ಲೆಕ್ಕದ ವಿಭಾಗದವನು ಫೋನು ಕಿತ್ತುಕೊಂಡ. "ಏನ್ ಸಾರ್, ಎರಡರಲ್ಲೂ ಜಾಸ್ತಿ ಬಂದಿದೆ! ಜಾಸ್ತಿ ಬಂದ್ರೆ ಪಾಸು ತಾನೇ?"

"ನೀವು ಸುಮ್ನಿರಿ," ಎಂದಳು ಟೆಲಿಫೋನ್ ಆಪರೇಟರಮ್ಮ. "ನಮ್ಮ ಚಿಕ್ಕಪ್ಪಂಗೂ ಸಿಆರ್‌ಪಿ ಹಿಂಗೇ ಏರಿತ್ತು."

"ಆಮೇಲೆ?" ಎಂದರು ಸಾಹೇಬರು.

"ಆಮೇಲೇನು, ಪಾಪ, ಚಿಕ್ಕಮ್ಮ ಈಗ ಒಬ್ರೇ ಇದಾರೆ."

ಸಾಹೇಬರು ಫೋನು ವಾಪಸು ಕಿತ್ತುಕೊಂಡು ಬಾಣಗಳನ್ನು ಮತ್ತೆ ನೋಡಿದರು. ಚಿಕ್ಕಪ್ಪ ವಾಸಿಯಾಗಿ, ಚೆನ್ನಾಗಿ ನಡೆಯುವಂತಾದ ಮೇಲೆ ಮನೆ ಬಿಟ್ಟು ಓಡಿಹೋದದ್ದನ್ನು ಆಕೆ ಹೇಳಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಜೊತೆಗೆ ತನ್ನ ಫೋನಿನಲ್ಲಿ ಹುಡುಕಿ ಓದಿದಳು: "ಇಲ್ನೋಡಿ ಸಾರ್, ರಿಯಾಕ್ಟಿವ್ ಆರ್ಥ್ರೈಟಿಸ್ ಅಂತೆ. ಹೊಟ್ಟೆ ಕೆಟ್ಟು ಒಂದೆರಡು ವಾರ ಆದ್ಮೇಲೆ ಮಂಡಿ ಊದ್ಕೊಳ್ಳುತ್ತಂತೆ. ನಿಮಗೇನಾದ್ರೂ ಹೊಟ್ಟೆ ಕೆಟ್ಟಿತ್ತಾ?"

"ನಂಗಾ? ಛೆ ಛೆ!"

ಕೆಟ್ಟಿತ್ತು. ಮೂರು ವಾರದ ಹಿಂದೆ ಹಲ್ಲುನೋವೆಂದು ರಜೆ ಹಾಕಿ, ಪಾಯಿಖಾನೆಯಲ್ಲೇ ಸಂಸಾರ ಹೂಡಿದ್ದರು. ಕಾರಣ, ತಲೆಗೆ ಮಫ್ಲರ್ ಸುತ್ತಿಕೊಂಡು ಅದೇ ಗಾಡಿಯಲ್ಲಿ ತಿಂದ ಎರಡು ಪ್ಲೇಟು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಈಗ ಮ್ಯಾನೇಜರ ಕಿವಿಗೆ ಬಿದ್ದರೆ ಹುದ್ದೆಯೂ ಇಲ್ಲ, ಫ್ಯಾನೂ ಇಲ್ಲ.

ಸಂಜೆ ಕಳ್ಳಬೆಕ್ಕಿನಂತೆ ಒಬ್ಬರೇ ಜಾರಿಕೊಳ್ಳುವಾಗ, ಚಪ್ಪಲಿ ಎಳೆಯುತ್ತ ಮ್ಯಾನೇಜರೇ ಎದುರಾದರು. "ಹೊಸ ಬೂಟು ಕಚ್ಚಿದೆ ಕಣ್ರೀ. ಅದಿರಲಿ, ಆಪರೇಟರಮ್ಮ ಎಲ್ಲಾ ಹೇಳಿದ್ರು, ಡಾಕ್ಟ್ರ ಹತ್ರ ಒಬ್ರೇ ಹೋಗ್ತೀರಾ? ಬನ್ನಿ, ನನ್ನ ಕಾರಿದೆ." ಬೇಡವೆಂದರೂ ಬಿಡಲಿಲ್ಲ. ಡಾಕ್ಟರಮ್ಮನ ಕೋಣೆಯೊಳಗೂ ಬಂದು ಪಕ್ಕದಲ್ಲೇ ಕೂತರು.

"ಈ ಬಾಣಗಳು ಹೊಗೆ ಇದ್ದಂಗೆ," ಎಂದರು ಡಾಕ್ಟರಮ್ಮ. "ಮೈಯಲ್ಲಿ ಎಲ್ಲೋ ಉರಿಯೂತದ ಬೆಂಕಿ ಇದೆ ಅಂತ ಹೇಳ್ತವೆ. ಎಲ್ಲಿ, ಯಾಕೆ ಅಂತ ಹೇಳಲ್ಲ. ಅದಕ್ಕೇ ನಿಮ್ಮನ್ನ ಕೇಳ್ಬೇಕು. ಇತ್ತೀಚೆಗೆ ಭೇದಿ ಆಗಿತ್ತಾ?"

ಸಾಹೇಬರು ಮ್ಯಾನೇಜರ ಮುಖ ನೋಡಿದರು. "ಇಲ್ವೇ ಇಲ್ಲ!"

"ಹಾಗಾದ್ರೆ ಮಂಡಿಯೊಳಗೇ ಕೀವಾಗಿರಬಹುದು. ಸೂಜಿ ಹಾಕಿ ನೀರು ತೆಗೆದು ನೋಡೋಣ."

ನರ್ಸಮ್ಮ ತಟ್ಟೆಯ ಮೇಲಿನ ಬಟ್ಟೆ ಸರಿಸಿದಳು. ಆ ಸೂಜಿ ಕಂಡದ್ದೇ ಸಾಹೇಬರು ಕಿರುಚಿದರು: "ಆಗಿತ್ತು! ಭೇದಿ ಆಗಿತ್ತು! ಗಾಡಿ ತಿಂಡಿ! ಎರಡು ಪ್ಲೇಟು! ಮಫ್ಲರ್ ಸುತ್ಕೊಂಡು!"

"ಅದನ್ನ ಮೊದಲೇ ಹೇಳಬಾರದಾ? ಹಾಗಾದ್ರೆ ರಿಯಾಕ್ಟಿವ್ ಆರ್ಥ್ರೈಟಿಸ್ಸೇ ಇರಬೇಕು. ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ. ಆದ್ರೂ ಕೀವಿಲ್ಲ ಅಂತ ಖಾತ್ರಿ ಆಗ್ಬೇಕಲ್ಲ, ಸೂಜಿ ಹಾಕೋದೇ."

ಮಾನವೂ ಹೋಯಿತು, ಸೂಜಿಯೂ ತಪ್ಪಲಿಲ್ಲ. ಸಾಹೇಬರು ಕಣ್ಣುಮುಚ್ಚಿ ಮ್ಯಾನೇಜರ ಬೈಗುಳಕ್ಕೆ ಕಾದರು. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ, ಮ್ಯಾನೇಜರು ಮೆಲ್ಲಗೆ ಚಪ್ಪಲಿ ಕಳಚುತ್ತಿದ್ದರು.

"ಡಾಕ್ಟ್ರೇ, ನನ್ನ ಹಿಮ್ಮಡೀನೂ ಒಂಚೂರು ನೋಡಿ, ಬೂಟು ಕಚ್ಚಿದ್ದಲ್ಲ, ಊದಿದೆ. ನಂದು ಮೂರು ಪ್ಲೇಟು."

ಸಾಹೇಬರಿಗೆ ಹೋದ ಜೀವ ಬಂತು. "ಹಂಗಾದ್ರೆ ಸಾರ್, ನನ್ನ ಹುದ್ದೆ?"

"ನಿಮ್ದೇ ಕಣ್ರೀ. ಏನೇ ಹೇಳಿ, ಆ ಗಾಡಿಯವನ ಕೈರುಚಿ ಬಿಡೋಕಾಗಲ್ಲ. ನಾಳೆಯಿಂದ ಅವನನ್ನ ನಮ್ಮ ಕ್ಯಾಂಟೀನಿಗೇ ಸೇರಿಸ್ಕೊಳ್ಳೋಣ. ಆರೋಗ್ಯಾಧಿಕಾರಿ ಅಂದ್ಮೇಲೆ ದಿನಾ ಮೊದಲ ಪ್ಲೇಟು ನೀವು ತಿನ್ನಿ. ಮೂರು ವಾರ ನೋಡೋಣ. ನಿಮ್ಮ ಇನ್ನೊಂದು ಮಂಡಿ ಊದದಿದ್ರೆ ನಾನೂ ತಿಂತೀನಿ."

ಸಾಹೇಬರು ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಡಾಕ್ಟರಮ್ಮ ಸೂಜಿ ಹಾಕಿದರು.