ಮೊದಲಿಯಾರ್ ಮನೆ ರೇಡಿಯೋಕ್ಕೆ ನಾನು ಹಾಕಿದ ಕಂಡೆನ್ಸರ್

ರೇಡಿಯೋ ರಿಪೇರಿ ಕಷ್ಟದ ಕೆಲಸ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮಾಡಿರಲಿಲ್ಲವಲ್ಲ, ಅದಕ್ಕೆ.

ಯುದ್ಧದ ಕಾಲ. ನಾನು ವಿಮಾನ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ಹಲಸೂರಿನಲ್ಲಿ ಮೊದಲಿಯಾರ್ ಎಂಬುವರ ಮನೆಯ ಹಿಂಭಾಗದಲ್ಲಿ ನಾನೂ ನನ್ನ ಹೆಂಡತಿ ಸರೋಜಳೂ ಬಾಡಿಗೆಗಿದ್ದೆವು. ಸಿಪಾಯಿಗಳೇ ತುಂಬಿದ್ದ ದಂಡು ಪ್ರದೇಶದಲ್ಲಿ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟವಾಗಿತ್ತೆಂದರೆ, ಮಾಲೀಕರು ಮುಂದಿನ ಕೋಣೆಯಲ್ಲಿ ಸೀನಿದರೆ ನಾವು ಹಿಂದಿನಿಂದಲೇ 'ನೂರು ವರ್ಷ' ಎಂದು ಹರಸುತ್ತಿದ್ದೆವು.

ಆಗ ನಾನು ಸಂಜೆ ಹೊತ್ತು ಎಲೆಕ್ಟ್ರಿಕ್ ಕ್ಲಾಸಿಗೆ ಹೋಗುತ್ತಿದ್ದೆ. ಕರೆಂಟನ್ನು ತಡೆಯುವ ರೆಸಿಸ್ಟೆನ್ಸ್ ಮತ್ತು ಅದನ್ನು ತುಂಬಿಟ್ಟುಕೊಳ್ಳುವ ಕಂಡೆನ್ಸರ್ ಒಟ್ಟಿಗಿರುವ ಸರ್ಕ್ಯೂಟಿನಲ್ಲಿ ವೋಲ್ಟು, ವ್ಯಾಟು ಲೆಕ್ಕ ಹಾಕುವುದನ್ನು ಕಲಿತ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕೂತಾಗ ಸರೋಜಳಿಗೂ ಕಲಿಸಲು ಹೊರಟೆ.

"ರೆಸಿಸ್ಟೆನ್ಸ್ ಮೇಲೆ ಮೂವತ್ತು ವೋಲ್ಟು, ಕಂಡೆನ್ಸರ್ ಮೇಲೆ ನಲವತ್ತು. ಎರಡೂ ಸೇರಿ ಎಷ್ಟು ಹೇಳು?"

"ಎಪ್ಪತ್ತು."

"ಅಲ್ಲ, ಐವತ್ತು. ಎರಡೂ ಒಂದೇ ಹೊತ್ತಿಗೆ ಏರಲ್ಲ, ಇಳಿಯಲ್ಲ. ಅದಕ್ಕೆ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೀಬೇಕು."

ಸರೋಜ ಸಾರು ಬಡಿಸುತ್ತಾ, "ನಮ್ಮ ರೇಷನ್ ಅಂಗಡಿಯವನೂ ಹೀಗೇ ರೀ ಲೆಕ್ಕ ಹಾಕೋದು" ಎಂದಳು.

ಈ ಮಧ್ಯೆ ಮೊದಲಿಯಾರರ ಮಗಳು ಕಮಲಳನ್ನು ನೋಡಲು ಕೆ.ಆರ್. ಪುರದಿಂದ ಗಂಡಿನವರು ಬರುವುದು ನಿಶ್ಚಯವಾಯಿತು. ಮನೆಯಲ್ಲಿ ರೇಡಿಯೋ ಇದೆಯೆಂದು ಬೀಗರಾಗುವವರಿಗೆ ತೋರಿಸಬೇಕು. ಆದರೆ ಅದು ಯಾವ ಹಾಡು ಬಂದರೂ ದುಂಬಿಯಂತೆ ಗುಂಯ್‌ಗುಡುತ್ತಿತ್ತು.

"ಕಂಡೆನ್ಸರ್ ಹೋಗಿದೆ ಸಾರ್, ನಾನು ಮಾಡ್ಕೊಡ್ತೀನಿ" ಎಂದೆ.

"ನಿಜವಾಗ್ಲೂ ಬರತ್ತಾಪ್ಪಾ ನಿಮ್ಗೆ?" ಎಂದರು ಮೊದಲಿಯಾರ್.

"ಎಲ್ಲಾ ಲೆಕ್ಕ ಸಾರ್, ಬರೀ ಲೆಕ್ಕ."

ಲೆಕ್ಕ ಹಾಕಿದೆ. ಮನೆಗೆ ಬರುವ ಕರೆಂಟು ಇನ್ನೂರ ಮೂವತ್ತು ವೋಲ್ಟು. ಇನ್ನೂರ ಐವತ್ತು ತಡೆಯುವ ಕಂಡೆನ್ಸರ್ ಧಾರಾಳ ಸಾಕು. ಆ ಕರೆಂಟು ಅಲೆಯ ನೆತ್ತಿಯಲ್ಲಿ ಮುನ್ನೂರು ದಾಟುತ್ತದೆ, ಕಂಡೆನ್ಸರ್ ತುಂಬಿಕೊಳ್ಳುವುದು ಆ ನೆತ್ತಿಯವರೆಗೆ ಎಂಬ ಪಾಠವಾದ ದಿನ ನಾನು ಜ್ವರ ಬಂದು ಮಲಗಿದ್ದೆ. ಅದರ ಪಕ್ಕದ ರೆಸಿಸ್ಟೆನ್ಸ್ ಎಷ್ಟು ವ್ಯಾಟಿನ ಕಾವು ತಡೆಯಬೇಕೆಂದು ಲೆಕ್ಕ ಮಾಡುವಾಗ ದಶಾಂಶ ಬಿಂದುವಿನ ನಂತರ ಒಂದು ಸೊನ್ನೆ ಹೆಚ್ಚಿಗೆ ಬಿತ್ತು. ಐದು ವ್ಯಾಟು ಬರಬೇಕಾದಲ್ಲಿ ಅರ್ಧ ವ್ಯಾಟು ಬಂತು. ಎರಡನ್ನೂ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದು ಬೆಸುಗೆ ಹಾಕಿದೆ.

ಗಂಡಿನವರು ಬಂದು ಕುಳಿತರು. ರೇಡಿಯೋ ಹಾಕಿದೆ. ಗುಂಯ್ ಎನ್ನುವುದು ಪೂರ್ತಿ ಮಾಯ. ವೀಣೆ ಜೇನಿನಂತೆ ಹರಿಯಿತು. ಮೊದಲಿಯಾರ್ ಎಲ್ಲರಿಗೂ ಕೇಳಿಸುವಂತೆ, "ನಮ್ಮ ಹಿಂದ್ಗಡೆ ಮನೆಯವ್ರು. ಇಂಜಿನಿಯರು" ಎಂದರು. ನಾನು ತಿದ್ದಲಿಲ್ಲ.

ಸ್ವಲ್ಪ ಹೊತ್ತಿಗೆ ವರನ ತಂದೆ ಮೂಗರಳಿಸಿ, "ಒಗ್ಗರಣೆ ಸೀದಿದೆ ಅನ್ಸತ್ತೆ" ಎಂದರು. ಒಳಗೆ ಸರೋಜ ಕೇಸರಿಭಾತು ಮಾಡುತ್ತಿದ್ದಳು. ನಾನು ಕೂಡಲೇ, "ಹೌದು ಸಾರ್, ನನ್ನ ಹೆಂಡತಿಗೆ ಸ್ವಲ್ಪ ಅಜಾಗ್ರತೆ" ಎಂದೆ. ಕೇಸರಿಭಾತಿಗೆ ಒಗ್ಗರಣೆ ಇಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ. ರೇಡಿಯೋದ ಬೆನ್ನಿನಿಂದ ಹೊಗೆ ಏಳುತ್ತಿದ್ದುದು ಕಣ್ಣಿಗೆ ಬೀಳುವಷ್ಟರಲ್ಲಿ ಢಂ ಎಂದಿತು.

ವರನ ತಂದೆ ಬಾಂಬು ಬಿತ್ತೆಂದುಕೊಂಡು ಬೆಂಚಿನ ಕೆಳಗೆ ತೂರಿದರು. ಕಂಡೆನ್ಸರಿನ ಬೆಳ್ಳಿಕಾಗದ, ಸುಟ್ಟ ಕಾಗದದ ಚೂರುಗಳೆಲ್ಲ ವರನ ತಲೆಯ ಮೇಲೆ ಅಕ್ಷತೆಯಂತೆ ಉದುರಿದವು. ನಾನು ಹಾರಿಹೋಗಿ ಪ್ಲಗ್ಗು ಕಿತ್ತೆ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಮಾನ ಅರ್ಧದಷ್ಟಾದರೂ ಉಳಿಯುತ್ತಿತ್ತು.

"ಯಾರೂ ಹೆದರಬೇಡಿ" ಎಂದೆ. "ಒಳಗೆ ಇನ್ನೊಂದು ಕಂಡೆನ್ಸರ್ ಇದೆ, ನಿಜ. ಆದ್ರೆ ಅದರಲ್ಲಿ ತುಂಬಿದ್ದೆಲ್ಲ ರೆಸಿಸ್ಟೆನ್ಸ್ ಮೂಲಕ ಇಳಿದುಹೋಗಿರತ್ತೆ. ಲೆಕ್ಕದ ಪ್ರಕಾರ ಈಗ ಅದು ಖಾಲಿ. ನೋಡಿ, ಮುಟ್ಟಿ ತೋರಿಸ್ತೀನಿ."

"ರೀ, ಬೇಡ" ಎಂದಳು ಬಾಗಿಲಲ್ಲಿ ನಿಂತಿದ್ದ ಸರೋಜ.

ಇಳಿಯಬೇಕಾದ ದಾರಿಯೇ, ಅಂದರೆ ನನ್ನ ಅರ್ಧ ವ್ಯಾಟಿನ ರೆಸಿಸ್ಟೆನ್ಸೇ, ಆಗಲೇ ಸುಟ್ಟು ಬೂದಿಯಾಗಿತ್ತು. ನಾನು ಮುಟ್ಟಿದೆ. ಅದು ಅಷ್ಟನ್ನೂ ನನ್ನ ಮೂಲಕವೇ ಇಳಿಸಿತು. ನಾನು ಹಿಂದಕ್ಕೆ ಚಿಮ್ಮಿ, ಸರೋಜ ತಂದಿಟ್ಟಿದ್ದ ಕೇಸರಿಭಾತಿನ ತಟ್ಟೆಯ ಮೇಲೆ ಕುಳಿತೆ. ಅದು ಬಿಸಿಯಾಗಿತ್ತು, ಹಾಗಾಗಿ ಮತ್ತೆ ಎದ್ದೆ.

ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಕಮಲ ಸೆರಗು ಬಾಯಿಗೆ ಒತ್ತಿಕೊಂಡಳು. ತಡೆಯಲಾರದೆ ಕಿಸಕ್ಕನೆ ನಕ್ಕಳು. ತಲೆಯ ಮೇಲೆ ಬೆಳ್ಳಿಕಾಗದ ಹೊತ್ತ ವರ ಅವಳನ್ನು ನೋಡಿ ತಾನೂ ನಕ್ಕ. ಇಬ್ಬರಿಗೂ ನಗು ನಿಲ್ಲಲೇ ಇಲ್ಲ. ಬೆಂಚಿನ ಕೆಳಗಿನಿಂದ ವರನ ತಂದೆ, "ಯಾಕಪ್ಪಾ, ಹುಡ್ಗಿ ಒಪ್ಗೆನಾ?" ಎಂದರು. ವರ ಹೂಂ ಎಂದ.

ಮೊದಲಿಯಾರ್ ನಮ್ಮಿಂದ ಮನೆ ಬಿಡಿಸಲಿಲ್ಲ. ಮದುವೆಗೆ ಕರೆಯಲೂ ಬಂದರು. ಆದರೆ ಕರೆದದ್ದು ಸರೋಜಳನ್ನು.

"ಅವ್ರನ್ನೂ ಕರ್ಕೊಂಡ್ಬಾಮ್ಮಾ. ಆದ್ರೆ ಚಪ್ಪರದ ಲೈಟ್ ಹತ್ರ ಬಿಡ್ಬೇಡ."

ಮದುವೆಯಲ್ಲಿ ನನಗೆ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವ ಕೆಲಸ ಕೊಟ್ಟರು. ಬೆಳ್ಳಿಯ ಪನ್ನೀರುದಾನಿ ಹಿಡಿದು, ಜರಿ ಪೇಟ ಸುತ್ತಿ, ನಗುಮುಖದಿಂದ ನಿಂತೆ. ವರನ ತಂದೆ ಬಂಡಿಯಿಂದ ಇಳಿದವರು ನನ್ನನ್ನು ಕಂಡು ಅಲ್ಲೇ ನಿಂತರು. ದೂರದಿಂದಲೇ ಕೈ ಮುಗಿದು, ಪಕ್ಕದವರನ್ನು ಮೆಲ್ಲಗೆ ಕೇಳಿದರು:

"ಹಿತ್ತಿಲ ಬಾಗ್ಲು ಎಲ್ಲಿದೆ?"