ಪ್ಲೇಟಿನೊಳಗಿನ ‘ವಾಹ್’ ಯಾರದು?

ಜನವರಿಯ ಎರಡನೆಯ ರವಿವಾರ, ಮುಂಜಾನೆ ಒಂಬತ್ತು ಗಂಟೆ. ಸ್ಥಳ, ಕುಂದಗೋಳದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಕಸ್ತೂರಿ, ಬಾಲ್ಯದ ಗೆಳೆಯ ಶಿವಪುತ್ರಪ್ಪ. ಗೈರುಹಾಜರು ಯಾರೂ ಇಲ್ಲ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು, ಹಾಜರಿ ತೆಗೆದುಕೊಳ್ಳದೆ ಯಾವ ಮಾತನ್ನೂ ಶುರು ಮಾಡಲಾರೆ. ಹಾಜರಿಯಿಂದ ಒಂದು ಉಪಯೋಗವೂ ಉಂಟು. ಮುಂದೆ ಏನಾದರೂ ಕೆಟ್ಟರೆ ಯಾರ ಮೇಲೆ ಸಂಶಯ ಪಡಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಸಂಶಯ ಕೆಟ್ಟ ಗುಣ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರ ಮೇಲೆಯೇ ನನಗೆ ಮೊದಲ ಸಂಶಯ. ಶಿಳ್ಳೆ ಹೊಡೆದು ಸಾಲಾಗಿ ನಿಲ್ಲಿಸಿದ ಹುಡುಗರಲ್ಲಿ ಯಾವನು ಎಲ್ಲರಿಗಿಂತ ನೆಟ್ಟಗೆ ನಿಂತಿರುತ್ತಾನೋ ಅವನ ಕಿಸೆಯಲ್ಲಿಯೇ ಹುಣಸೆಹಣ್ಣು ಸಿಗುವುದು. ಇದು ನನ್ನ ಇಡೀ ನೌಕರಿಯ ಅನುಭವ.

ಗ್ರಾಮೋಫೋನಿನ ಹಾಡಿನ ಪ್ಲೇಟುಗಳ ಹುಚ್ಚು ನನಗೆ ಹಿಡಿದದ್ದೂ ಸಂಶಯದಿಂದಲೇ. ನಿವೃತ್ತಿಯಾದಾಗ ಮಗಳು ಒಂದು ಮೊಬೈಲು ಕೊಡಿಸಿ, “ಅಪ್ಪಾ, ಜಗತ್ತಿನಾಗಿನ ಎಲ್ಲಾ ಹಾಡೂ ಇದರಾಗ ಅದಾವು” ಎಂದಳು. ಜಗತ್ತಿನ ಹಾಡೆಲ್ಲ ಅಂಗೈಯಗಲದ ಡಬ್ಬಿಯಲ್ಲಿ ಹಿಡಿಸುತ್ತವೆಂದರೆ ಎಲ್ಲೋ ಏನೋ ಮೋಸವಿದೆ ಎಂದು ಆಗಲೇ ಅನಿಸಿತು. ಅನಿಸಿದ್ದು ಸುಳ್ಳಾಗಲಿಲ್ಲ. ನಿನ್ನೆ ಇದ್ದ ಹಾಡು ಇವತ್ತು ಇರುತ್ತಿರಲಿಲ್ಲ. ಆಲಾಪ ಏರುವ ಹೊತ್ತಿಗೆ ಸರಿಯಾಗಿ ಒಬ್ಬಳು ನಡುವೆ ಬಂದು ಸಾಬೂನು ಮಾರಿ ಹೋಗುತ್ತಿದ್ದಳು. ಪ್ಲೇಟು ಹಾಗಲ್ಲ. ಕಪ್ಪಗೆ, ದುಂಡಗೆ, ಕಣ್ಣಿಗೆ ಕಾಣುವಂತೆ ಇರುತ್ತದೆ. ಬೆಳಕಿಗೆ ಓರೆ ಹಿಡಿದರೆ ಕುಂಟೆ ಹೊಡೆದ ನಮ್ಮ ಎರೆಹೊಲದ ಹಾಗೆ ಗೆರೆ ಗೆರೆ ಕಾಣುತ್ತದೆ. ಹಾಡು ಯಾವ ದಂಡೆಯಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತೋರಿಸಬಹುದು. ಹೀಗೆ ಮುಚ್ಚುಮರೆಯಿಲ್ಲದ ವಸ್ತುವನ್ನು ನಾನು ಮೆಚ್ಚುತ್ತೇನೆ. ಆದರೂ ಟಪಾಲಿನಲ್ಲಿ ಬಂದ ಪ್ರತಿಯೊಂದು ಪ್ಲೇಟನ್ನೂ ಮೊದಲು ಅಡುಗೆಮನೆಯ ಕಡಪಾ ಕಲ್ಲಿನ ಮೇಲಿಟ್ಟು, ಕಲ್ಲಿನ ಮಟ್ಟಕ್ಕೆ ಕಣ್ಣು ತಂದು, ಎಲ್ಲಾದರೂ ಉಬ್ಬಿದೆಯೇ ಎಂದು ಪರೀಕ್ಷಿಸುತ್ತೇನೆ. ಒಂದು ಸಲ ಉಬ್ಬಿದ ಪ್ಲೇಟು ಬಂದು ನಾನು ತಲೆಯ ಮೇಲೆ ಕೈಹೊತ್ತು ಕೂತಾಗ, ಹಂಚಿನ ಮುಂದೆ ಕೂತಿದ್ದ ಕಸ್ತೂರಿ ಹೇಳಿದಳು: “ನಮ್ಮ ಮನ್ಯಾಗ ದೇವರ ಆಟ ನೋಡ್ರಿ. ನನ್ನ ರೊಟ್ಟಿ ಉಬ್ಬಂಗಿಲ್ಲ, ನಿಮ್ಮ ಪ್ಲೇಟ್ ಉಬ್ಬತಾವು.”

ಮೊದಮೊದಲು ಹಳೆಯ ಪ್ಲೇಟುಗಳನ್ನಷ್ಟೇ ಕೊಳ್ಳುತ್ತಿದ್ದೆ. ಆಮೇಲೆ ತಿಳಿಯಿತು, ಈಗಿನ ಹುಡುಗ ಹುಡುಗಿಯರು ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಹಾಡಿ, ತಾವೇ ಧ್ವನಿ ಹಿಡಿದು, ತಾವೇ ಹೊದಿಕೆ ಅಂಟಿಸಿ ಹೊಸ ಪ್ಲೇಟು ಹೊರತರುತ್ತಾರೆ ಎಂದು. ಅವುಗಳಿಗೆ ಸ್ವತಂತ್ರ ಆಲ್ಬಂ ಎಂದು ಹೆಸರು. ಸ್ವತಂತ್ರ ಎಂಬ ಶಬ್ದ ಕೇಳಿದರೆ ಶಿಸ್ತಿನ ಮನುಷ್ಯನಿಗೆ ಸಂಶಯ ಬರುವುದು ಸಹಜ. ಮೊದಲು ತರಿಸಿದ ಆಲ್ಬಂ ಆ ಸಂಶಯಕ್ಕೆ ತಕ್ಕಂತೆಯೇ ಇತ್ತು. ಒಂದು ಬದಿಯ ತುಂಬ ಎಣ್ಣೆಗಾಣದ ಸಪ್ಪಳ, ಅದರ ಹಿಂದೆ ಒಬ್ಬನ ಕೊಳಲು. ಮುಳ್ಳು ಸಿಕ್ಕಿಹಾಕಿಕೊಂಡಿದೆ ಎಂದು ಕಸ್ತೂರಿ ಎರಡು ಸಲ ಬಂದು ನೋಡಿ ಹೋದಳು. ನಾನೂ ಬೈದೆ. ಬೈಯುತ್ತಲೇ ಇನ್ನೊಮ್ಮೆ ಹಚ್ಚಿದೆ. ಮೂರನೆಯ ಸಲ ಕೇಳುವಾಗ ಗಾಣದ ಆ ಕಿರಕಿರಕ್ಕೂ ಒಂದು ತಾಳವಿದ್ದು ಕೊಳಲು ಅದರ ಬೆನ್ನ ಮೇಲೆ ಕೂತು ಹೋಗುತ್ತಿರುವುದು ಗೊತ್ತಾಗಿ, ಮೈಯೆಲ್ಲ ಝುಂ ಎಂದಿತು. ಅಂದಿನಿಂದ ಬಿಟ್ಟಿಲ್ಲ. ಯಾರೂ ಕೇಳದ ಹಾಡನ್ನು ಎಲ್ಲರಿಗಿಂತ ಮೊದಲು ನಾನು ಕೇಳಿದೆ ಎಂಬ ಸುಖ ಇದೆಯಲ್ಲ, ಅದು ಮುಂಜಾನೆಯ ಮೊದಲ ಬಸ್ಸಿನ ಮೊದಲ ಸೀಟು ಹಿಡಿದಂಥ ಸುಖ.

ಹೀಗಿರುವಾಗ ಹೋದ ವರ್ಷ ಹುಬ್ಬಳ್ಳಿಯ ರೇಣುಕಾ ಎಂಬ ತರುಣಿ ಧ್ವನಿಮುದ್ರಣದ ಯಂತ್ರ ಹೊತ್ತು ನಮ್ಮೂರಿಗೆ ಬಂದಳು. ಸ್ವತಂತ್ರ ಆಲ್ಬಂಗಳನ್ನು ತರುವುದೇ ಅವಳ ಕಸುಬು. ಅಳ್ನಾವರದ ಶಾಲೆಯೊಂದರಲ್ಲಿ ಸಂಗೀತ ಕಲಿಸುವ ಅಕ್ಕಾವರೊಬ್ಬರು ಅಗದಿ ಚೆನ್ನಾಗಿ ಹಾಡುತ್ತಾರೆ, ಆದರೆ ಎಂದೂ ದೊಡ್ಡ ವೇದಿಕೆ ಹತ್ತಿದವರಲ್ಲ. ಅವರ ಗಾಯನವನ್ನು ನಾಲ್ಕು ಜನ ರಸಿಕರ ಎದುರಿಗೇ ಹಿಡಿದು ಪ್ಲೇಟು ಮಾಡಬೇಕು ಎಂಬುದು ಅವಳ ಆಸೆ. ಪ್ರತಿಧ್ವನಿ ಬಾರದ ಜಾಗ ಬೇಕಿತ್ತು. ಶಿವಪುತ್ರಪ್ಪನದು ಹತ್ತಿ ವ್ಯಾಪಾರ. ಅವನ ಗೋದಾಮಿನ ಮಾಳಿಗೆಯ ನಾಲ್ಕೂ ಗೋಡೆಗೆ ಹತ್ತಿಯ ಅಂಡಿಗೆಗಳನ್ನು ಒಟ್ಟಿರುತ್ತಾರೆ. ಅಲ್ಲಿ ಕೆಮ್ಮಿದರೆ ಕೆಮ್ಮು ಅಲ್ಲಿಯೇ ಇಂಗಿಹೋಗುತ್ತದೆ. ನಾನೇ ಆ ಜಾಗ ತೋರಿಸಿದೆ. ಮುದ್ರಣದ ದಿನ ಮುಂದಿನ ಸಾಲಿನಲ್ಲಿ ನಾನೂ ಶಿವಪುತ್ರಪ್ಪನೂ ಮಂಡಿಗೆ ಮಂಡಿ ತಾಗಿಸಿ ಕೂತೆವು. ಆ ಪ್ಲೇಟು ಅಚ್ಚಾಗಿ ಶನಿವಾರ ಸಂಜೆ ಬಂದಿತ್ತು. ಎರಡನೆಯ ಆಲ್ಬಂನ ಮುದ್ರಣ ಇದೇ ರವಿವಾರ ಮಧ್ಯಾಹ್ನ ಅದೇ ಮಾಳಿಗೆಯಲ್ಲಿ ನಿಗದಿಯಾಗಿತ್ತು. ಹೀಗಾಗಿ ಒಂಬತ್ತಕ್ಕೆ ಮೂವರೂ ಹಾಜರು.

ಪ್ಲೇಟು ಹಚ್ಚಿದೆ. ಸ್ವರ ಹಚ್ಚಿದ್ದು ಹೇಗೆ, ಬಂದಿಶ್ ಎತ್ತಿದ್ದು ಹೇಗೆ! ಕಣ್ಣು ಮುಚ್ಚಿದೆ. ತಾಳ ಒಂದು ಸುತ್ತು ಹಾಕಿ ಮರಳಿ ಮನೆ ಮುಟ್ಟುವ ಪೆಟ್ಟಿಗೆ ಸಮ್ ಎನ್ನುತ್ತಾರೆ. ಹಾಡುವವರು ಎಲ್ಲೆಲ್ಲೋ ಅಲೆದು ಸರಿಯಾಗಿ ಆ ಪೆಟ್ಟಿನ ಮೇಲೆ ಬಂದಿಳಿದಾಗ ಕೇಳುವವರ ಬಾಯಿಂದ ‘ವಾಹ್’ ಹೊರಡಬೇಕು. ನಮ್ಮ ಕಡೆ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಅಕ್ಕಾವರು ಸಮ್ಮಿನ ಕಡೆ ಹೊರಟರು. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಪ್ಲೇಟಿನೊಳಗಿಂದ ಯಾರೋ ಒಬ್ಬ ಗಂಡಸು ‘ವಾಹ್!’ ಎಂದು ಒದರಿದ. ಒಂದು ಮಾತ್ರೆ ಮೊದಲು! ಉಣ್ಣುವವನ ಕೈಯಿಂದ ತುತ್ತು ಕಸಿದಂತಾಯಿತು. ಮುಂದಿನ ಸುತ್ತಿನಲ್ಲಿ ಮತ್ತೆ ಅದೇ. ಆ ಬದಿ ಮುಗಿಯುವ ತನಕ ಆ ದುಷ್ಟ ಪ್ರತಿಯೊಂದು ಸಮ್ಮಿಗೂ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದ. ಎಂಥ ಒರಟು ದನಿ, ಏನು ಅವಸರ!

ಮುಳ್ಳು ಎತ್ತಿದೆ. ವಿಚಾರಣೆ ಆರಂಭಿಸಿದೆ. ದನಿ ಮೈಕಿಗೆ ಹತ್ತಿರವಿದೆ, ಅಂದರೆ ಮುಂದಿನ ಸಾಲು. ಮುಂದಿನ ಸಾಲಿನಲ್ಲಿ ಇದ್ದವರು ಇಬ್ಬರೇ. ಒಬ್ಬ ನಾನು. ನಾನು ‘ವಾಹ್’ ಅಂದದ್ದು ಸರಿಯಾಗಿ ಸಮ್ಮಿನ ಮೇಲೆ. ನನಗೆ ಚೆನ್ನಾಗಿ ನೆನಪಿದೆ. ಉಳಿದವನು ಒಬ್ಬನೇ. ಇದರಲ್ಲಿ ಸಂಶಯಕ್ಕೂ ಜಾಗವಿಲ್ಲ, ಇದು ಬರೀ ವಜಾಬಾಕಿ ಲೆಕ್ಕ.

“ಶಿವಪುತ್ರಪ್ಪ, ಇಂಥಾ ಹಾಡಿನಾಗ ಕಲ್ಲ ಹಾಕಿದ್ಯಲ್ಲೋ! ಇವತ್ತ ಮಧ್ಯಾಹ್ನ ನೀ ಹಿಂದ ಕುಂದ್ರು. ಅಗದಿ ಹಿಂದ. ಸಾಧ್ಯ ಆದ್ರ ಮಾಳಗಿ ಕೆಳಗ ಕುಂದ್ರು.”

ಶಿವಪುತ್ರಪ್ಪನ ಬಾಯಲ್ಲಿ ಎಂದಿನಂತೆ ಎಲೆ ಅಡಿಕೆ ತುಂಬಿತ್ತು. ಅವನು ‘ಉಂ, ಉಂಹೂಂ’ ಎಂದು ಎರಡೂ ಕೈ ಎತ್ತಿದ, ಎದ್ದು ಹೊರಗೆ ಹೋದ, ಗಟಾರಿನ ಹತ್ತಿರ ಬಾಯಿ ಖಾಲಿ ಮಾಡಿದ, ಮರಳಿ ಹೊಸ್ತಿಲ ಮೇಲೆ ಬಂದು ನಿಂತ.

“ಲೇ ಮಾಸ್ತರ, ನನ್ನ ಮಾಳಗಿ, ನನ್ನ ಹತ್ತಿ, ನನ್ನ ಜಮಖಾನಿ. ನನಗ ಕೆಳಗ ಕುಂದ್ರು ಅಂತಿ? ಆತು. ನಾನೂ ಕೆಳಗ ಕುಂದರ್ತೀನಿ, ನನ್ನ ಕೀಲಿನೂ ಕೆಳಗ ಕುಂದರ್ತೈತಿ. ನೀವು ಬಯಲಾಗ ಹಾಡ್ರಿ.”

ಚಪ್ಪಲಿ ಮೆಟ್ಟಿ ಹೊರಟೇಹೋದ. ಅಪರಾಧಿಗಳು ಸಿಟ್ಟಾಗುವುದು ಹೊಸದೇನಲ್ಲ ಎಂದುಕೊಂಡು ರೇಣುಕಾಗೆ ಫೋನು ಮಾಡಿದೆ. ಹಾಡು ಕೆಡಿಸಿದವನನ್ನು ಹಿಡಿದಿದ್ದೇನೆ, ಇವತ್ತು ಅವನನ್ನು ಒಳಗೆ ಬಿಡಬಾರದು ಎಂದೆ. “ಸರ,” ಎಂದಳು ಅವಳು, “ಹಿಡದ್ರಿ ಅಂದ್ರ... ಯಾರನ್ನ ಹಿಡದ್ರಿ?” ಹೆಸರು ಹೇಳಿದೆ, ಅವನು ಕೀಲಿ ಹಿಡಿದುಕೊಂಡು ಹೋದದ್ದನ್ನೂ ಹೇಳಿದೆ. “ಅಯ್ಯ, ಅವರಲ್ರಿ ಸರ. ಆಮ್ಯಾಲೆ ಹೇಳ್ತೀನ್ರಿ. ಅಕ್ಕಾರು ಆಗ್ಲೇ ರೈಲು ಹತ್ತ್ಯಾರ. ಅವರಿಗೆ ಮುಂದ ಶಾಲೀ ಪರೀಕ್ಷಾ, ಇವತ್ತ ಬಿಟ್ರ ಈ ಆಲ್ಬಂ ಈ ವರ್ಷ ಆಗಂಗಿಲ್ಲ. ಹ್ಯಾಂಗರ ಮಾಡಿ ಕೀಲಿ ತರ್ರಿ, ಬ್ಯಾರೆ ಏನೂ ಕೆಡಸಬ್ಯಾಡ್ರಿ,” ಎಂದು ಫೋನು ಇಟ್ಟಳು. ಅವಳ ದನಿಯಲ್ಲಿ ಏನೋ ಮುಚ್ಚಿಡುವ ಧಾಟಿ ಇತ್ತು.

“ಈ ಹುಡುಗಿ ಯಾರನ್ನೋ ಮುಚ್ಚಿಟ್ಕೊಳ್ಳಾಕತ್ತಾಳ,” ಎಂದೆ ಕಸ್ತೂರಿಗೆ.

ಅವಳು ತೊಗರಿ ಹಸನು ಮಾಡುತ್ತ ಕೂತಿದ್ದಳು. ಮೊರವನ್ನು ಬದಿಗಿಟ್ಟಳು. “ಹೌದ್ರಿ, ನಿಮ್ಮನ್ನ. ಶಿವಪುತ್ರಪ್ಪಣ್ಣಾರ ಬಾಯಿ ಯಾವತ್ತು ಖಾಲಿ ಇರತೈತಿ ಹೇಳ್ರಿ? ತುಂಬಿದ ಬಾಯಿಲೆ ವಾಹ್ ಅಂದಿದ್ರ ಅಕ್ಕಾರ ಸೀರಿ ಕೆಂಪ ಆಗಿರ್ತಿತ್ತು.”

“ಅಂದ ಮಾತ್ರಕ್ಕ ನಾನಽ ಅಂತೇನು?”

“ಲಗ್ನಕ್ಕ ಹೋದ್ರ ತಾಳಿ ಕಟ್ಟೂಕಿಂತ ಮೊದಲ ಅಕ್ಕಿಕಾಳು ಒಗದು ಕೈ ಝಾಡಿಸ್ಕೊಂಡು ನಿಂದರಾವ್ರು ಇಡೀ ಊರಾಗ ಒಬ್ರಽ. ಆ ಮನಿಶಾ ಸಮ್ಮಿನ ತನಕಾ ತಡೀತಾನೇನ್ರಿ?”

ಮತ್ತೆ ಮುಳ್ಳು ಇಟ್ಟು ಕೇಳಿದೆ. ತನ್ನ ದನಿ ತನಗೇ ಗುರುತು ಹತ್ತುವುದಿಲ್ಲ ಎನ್ನುತ್ತಾರೆ, ನಿಜ. ಆದರೆ ಎರಡನೆಯ ‘ವಾಹ್’ ಆದಮೇಲೆ ಅದೇ ದನಿ ಹಿಂದೆ ಯಾರಿಗೋ ಮೆಲ್ಲಗೆ “ಸಾಲು ನೆಟ್ಟಗ ಕುಂದರ್ರಿ” ಎಂದು ಹೇಳುವುದು ಕೇಳಿಸಿತು. ಪ್ಲೇಟು ತೆಗೆದು ಹೊದಿಕೆಯೊಳಗೆ ಹಾಕಿದೆ. ನನಗೆ ಅವಮಾನಕ್ಕಿಂತ ಹೆಚ್ಚಾಗಿ ದಿಗಿಲಾಯಿತು. ಅಕ್ಕಾವರು ರೈಲಿನಲ್ಲಿ, ಕೀಲಿ ಶಿವಪುತ್ರಪ್ಪನ ಕಿಸೆಯಲ್ಲಿ, ಒಂದು ಆಲ್ಬಂ ನನ್ನ ಬಾಯಿಂದ ಕೆಟ್ಟಾಗಿತ್ತು, ಇನ್ನೊಂದು ಹುಟ್ಟುವ ಮೊದಲೇ ಸಾಯುವುದರಲ್ಲಿತ್ತು.

ಶಿವಪುತ್ರಪ್ಪ ಗೋದಾಮಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಬರುತ್ತೇನೆಂದು ಗೊತ್ತಿದ್ದವನಂತೆ ಎದುರಿಗೆ ಇನ್ನೊಂದು ಕುರ್ಚಿಯನ್ನೂ ಹಾಕಿಸಿದ್ದ. ಅದನ್ನು ನೋಡಿಯೇ ನನಗೆ ಸಂಶಯ ಬಂತು. ತಪ್ಪಾಯಿತು ಎಂದೆ. ಅವನು ಕಿವಿಗೆ ಕೈಹಚ್ಚಿ, “ಏನಂದಿ? ಹತ್ತ್ಯಾಗ ಇಂಗಿ ಹೋತ ನೋಡು,” ಎಂದ. ಇನ್ನೊಮ್ಮೆ, ಮೈದಾನದ ದನಿಯಲ್ಲಿ ಹೇಳಿದೆ. ಎದುರಿನ ಚಹಾದಂಗಡಿಯವರೆಲ್ಲ ತಿರುಗಿ ನೋಡಿದರು.

“ಆತು ಬಿಡು. ಕೀಲಿ ಕೊಡ್ತೀನಿ. ಮುಂದಿನ ಸಾಲಿನಾಗ ನನ್ನ ಬಾಜೂಕನ ಕುಂದ್ರು. ಆದ್ರ ನಾ ಮಡಚಿ ಕೊಟ್ಟ ಎಲಿ ಬಾಯಾಗಿಟ್ಕೊಂಡು ಕುಂದರಬೇಕು. ಹಾಡು ಮುಗಿಯೂತನಕಾ ಉಗುಳಂಗಿಲ್ಲ, ನುಂಗಂಗಿಲ್ಲ.”

ಎಲೆ ಅಡಿಕೆ ಹಾಕಿಕೊಂಡ ಎಷ್ಟೋ ಹುಡುಗರನ್ನು ಮೈದಾನ ಸುತ್ತಿಸಿದ ನಾನು ಆ ಷರತ್ತಿಗೆ ಒಪ್ಪಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಾಳಿಗೆ ತುಂಬಿತು. ಅಕ್ಕಾವರು ಮುಲ್ತಾನಿ ರಾಗ ಎತ್ತಿದರು. ಎಂಥ ಹಾಡು! ಸಮ್ಮು ಬರುತ್ತಿದ್ದಂತೆ ‘ವಾಹ್’ ಗಂಟಲಿನ ತನಕ ಏರಿ, ಎಲೆಯ ಮುದ್ದೆಗೆ ಬಡಿದು, ಹಿಂದಿರುಗುತ್ತಿತ್ತು. ಕಣ್ಣಲ್ಲಿ ನೀರು ಬಂತು. ಅರ್ಧ ಹಾಡಿಗೆ, ಅರ್ಧ ಸುಣ್ಣಕ್ಕೆ. ಮುಖ ಬಿಗಿಹಿಡಿದು ಕೂತೆ. ನಾಲ್ಕು ಸಮ್ಮು ಹೋದವು, ಐದು ಹೋದವು. ಅಕ್ಕಾವರು ನನ್ನ ಕಡೆ ನೋಡತೊಡಗಿದರು. ದನಿ ಸ್ವಲ್ಪ ಅಳುಕಿತು. ಆಮೇಲೆ ಹಾಡು ನಿಂತೇಹೋಯಿತು.

“ಸರ, ಏನರ ತಪ್ಪಾಗಾಕತ್ತೇತೇನ್ರಿ? ಹಿಂದಕ ಪ್ರತಿ ಸಲ ವಾಹ್ ಅಂತಿದ್ರಿ. ಇವತ್ತ ಒಂದೂ ಇಲ್ಲಲ್ರೀ.”

ಇಲ್ಲ ಇಲ್ಲ ಎಂದು ಕೈಯಾಡಿಸಿದೆ. ಹಾಡುವುದೇ ಬೇಡ ಎಂದಂತೆ ಅವರಿಗೆ ಕಂಡಿರಬೇಕು, ಮುಖ ಇನ್ನಷ್ಟು ಬಾಡಿತು. ಬಾಯಿ ತೆರೆದರೆ ಷರತ್ತು ಮುರಿಯುತ್ತದೆ, ತೆರೆಯದಿದ್ದರೆ ಆಲ್ಬಂ ಮುರಿಯುತ್ತದೆ. ಶಿವಪುತ್ರಪ್ಪನ ಕಡೆ ನೋಡಿದೆ. ಅವನು ತನ್ನ ತುಂಬಿದ ಬಾಯಿಯಿಂದ ನಗಲಾರದೆ ಅಲುಗುತ್ತಿದ್ದ. ಒಂದೇ ಗುಟುಕಿಗೆ ಎಲ್ಲವನ್ನೂ ನುಂಗಿಬಿಟ್ಟೆ. ಕೆಮ್ಮು ಬಂತು, ನನ್ನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಎದೆಯೆಲ್ಲ ಕೆಂಪಾಯಿತು. “ಅಕ್ಕಾರ, ಭಾಳ ಛಲೋ ಹಾಡಾಕತ್ತೀರಿ! ಹಾಡ್ರಿ!” ಎಂದು ಆ ಸ್ಥಿತಿಯಲ್ಲಿಯೇ ಒದರಿದೆ. ಅವರು ನಕ್ಕರು. ಮೊದಲಿನಿಂದ ಎತ್ತಿಕೊಂಡರು. ನಾನು ಬಾಯಿಗೆ ಕರವಸ್ತ್ರ ಒತ್ತಿ, ತಲೆ ಮಾತ್ರ ತೂಗುತ್ತ ಕೂತೆ. ನನ್ನ ಗತಿ ಕಂಡು ಹೆದರಿದ ಮಂದಿಯೂ ಬಾಯಿ ಬಿಡಲಿಲ್ಲ. ಹಾಡು ಕೊನೆ ಮುಟ್ಟಿತು, ಒಂದೂ ‘ವಾಹ್’ ಇಲ್ಲದೆ.

ಆದರೆ ರೇಣುಕಾಗೆ ಸಮಾಧಾನವಿಲ್ಲ. ಮಂದಿ ಇದ್ದಾರೆ ಅನ್ನಿಸುವುದೇ ಇಲ್ಲ, ಕೊನೆಯ ಸಾಲನ್ನು ಅಕ್ಕಾವರು ಇನ್ನೊಮ್ಮೆ ಹಾಡಲಿ, ಅದಕ್ಕೆ ಒಂದೇ ಒಂದು ‘ವಾಹ್’ ಬೇಕು ಎಂದಳು. “ಸರ, ನೀವಽ ಅನ್ರಿ. ಆದ್ರ ಸಮ್ಮಿನ ಮ್ಯಾಲೆ.” ನನಗೆ ಪದಕ ಕೊಟ್ಟಷ್ಟು ಸಂತೋಷವಾಯಿತು. ಎದ್ದು ನಿಂತೆ, ಎದೆ ಸೆಟೆಸಿದೆ. ಅಕ್ಕಾವರು ಹಾಡಿದರು. ನಾನು ‘ವಾಹ್’ ಅಂದೆ. “ಸ್ವಲ್ಪ ಮೊದಲಾತ್ರಿ ಸರ,” ಎಂದಳು. ಮತ್ತೆ ಹಾಡಿದರು. “ಈಗೂ ಮೊದಲಾತ್ರಿ.” ತಬಲಾದವನು ನನ್ನ ಅನುಕೂಲಕ್ಕೆಂದು ಕಣ್ಣಿನಿಂದ ಸನ್ನೆ ಮಾಡಿದ, ನಾನು ಆ ಸನ್ನೆಗೂ ಮೊದಲೇ ಅಂದೆ. ಜನ ಒಬ್ಬೊಬ್ಬರಾಗಿ ಎದ್ದುಹೋದರು. ಶಿವಪುತ್ರಪ್ಪ ಬಾಯಿ ತೊಳೆದುಕೊಂಡು ಬಂದು, ಕೀಲಿ ಹಾಕುವುದಕ್ಕೆಂದು ಬಾಗಿಲಲ್ಲಿ ಕಾಯುತ್ತ ನಿಂತ. ಅಕ್ಕಾವರು ಕೊನೆಯದಾಗಿ ಒಮ್ಮೆ, ದಣಿದ ದನಿಯಲ್ಲಿ, ಆ ಸಾಲನ್ನು ಎಲ್ಲಿಂದಲೋ ಬಳಸಿ ತಂದು ಹಗುರಾಗಿ ಸಮ್ಮಿನ ಮೇಲೆ ಇಟ್ಟರು. ನಾನು ಆ ಚೆಲುವಿಗೆ ಬಾಯಿ ತೆರೆಯುವುದನ್ನೇ ಮರೆತೆ. ಬಾಗಿಲ ಕಡೆಯಿಂದ, ತನಗೇ ಗೊತ್ತಿಲ್ಲದಂತೆ, ಶಿವಪುತ್ರಪ್ಪ ‘ವಾಹ್’ ಅಂದ. ಪೆಟ್ಟಿನ ಮೇಲೆ ಪೆಟ್ಟು.

“ಆತು! ಸಿಕ್ತು!” ಎಂದು ರೇಣುಕಾ ಯಂತ್ರ ಬಂದು ಮಾಡಿದಳು.

ಮನೆಗೆ ಬಂದು ಅಂಗಿ ಕಳಚಿ ಬಚ್ಚಲಿನಲ್ಲಿ ನೆನೆಹಾಕಿದೆ. ಕಸ್ತೂರಿ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿದಳು. ಕಲೆಗೆ ಸಾಬೂನು ತಿಕ್ಕುತ್ತ ನಾನು ಹೇಳಿದೆ: “ಅಂದ ಮ್ಯಾಲೆ, ಪ್ಲೇಟಿನಾಗಿನ ವಾಹ್ ಶಿವಪುತ್ರಪ್ಪಂದು ಅಂತ ನಾ ಹೇಳಿದ್ದು ಸುಳ್ಳೇನಾಗಲಿಲ್ಲ. ಮುಂಜಾನಿ, ಸ್ವಲ್ಪ ಮೊದಲ ಹೇಳಿದೆ. ಅಷ್ಟಽ.”

ಕಸ್ತೂರಿ ತುಸು ತಡೆದಳು.

“ವಾಹ್,” ಎಂದಳು.

ಸರಿಯಾಗಿ ಸಮ್ಮಿನ ಮೇಲೆ ಬಿದ್ದಿತ್ತು. ಅಂಗಿ ಹಿಂಡಿ, ಝಾಡಿಸಿ, ಹಿತ್ತಲ ತಂತಿಯ ಮೇಲೆ ಒಣಹಾಕಿದೆ.